ತೊಟ್ಟಿಗೆ ಬೆನ್ನು ಹಾಕಿ ಕೂತ ದಿನಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲ. ನಿವೃತ್ತಿಯ ದಿನ ಯಾರೋ ಪುಣ್ಯಾತ್ಮರು ನನಗೆ ಶಾಲು ಹೊದಿಸಿ, ‘ಸಮುದ್ರಕ್ಕೂ ಅಂಜದ ಧೀರ’ ಎಂದು ಮೈಕಿನಲ್ಲಿ ಹೊಗಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಷ್ಟು ವರ್ಷ ಸಮುದ್ರದ ಕೆಲಸ ಮಾಡಿಯೂ ಹೆದರದೆ ದೋಣಿ ಹತ್ತಿದ ದಿನ ಒಂದೂ ಇಲ್ಲ. ಈಜು ಇವತ್ತಿಗೂ ಬರುವುದಿಲ್ಲ.

ಈಗ ನಾನು ಕೆಲಸ ಮಾಡಿದ ಡಾಲ್ಫಿನ್ ಟ್ರಸ್ಟಿಗೆ ಹೊಸದಾಗಿ ಸೇರಿದ ಮಕ್ಕಳು ಆಗಾಗ ನಮ್ಮ ಮನೆಗೆ ಬರುತ್ತಾರೆ. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವರು ತಮಿಳಿನಲ್ಲಿ ಕೇಳುತ್ತಾರೆ, ಹೇಗೋ ನಡೆಯುತ್ತದೆ. ಡಾಲ್ಫಿನ್ ಕೂಗಿದರೆ ಅವರ ಯಂತ್ರ ಆ ಕೂಗಿನ ಚಿತ್ರವನ್ನೇ ಬಿಡಿಸಿ ಕೊಡುತ್ತದಂತೆ. ಸಂತೋಷ. ನಮ್ಮ ಕಾಲದಲ್ಲಿ ಆ ಯಂತ್ರದ ಜಾಗದಲ್ಲಿ ನಾನು ಕೂತಿದ್ದೆ. ಯಂತ್ರಕ್ಕೆ ಹೆದರಿಕೆ ಇಲ್ಲ, ನನಗಿತ್ತು. ಅದಕ್ಕೇ ಇದನ್ನು ಬರೆಯಬೇಕಾಯಿತು.

ನಮ್ಮದು ಕುಂದಾಪುರದ ಕಡೆ. ದೊಡ್ಡಪ್ಪ ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹೋಟೆಲು ಇಟ್ಟಿದ್ದರು. ನಾನು ದೋಸೆ ಕಾವಲಿಯ ಮುಂದೆ ಹನ್ನೆರಡು ವರ್ಷ ಬೆಂದವನು. ಬೆಳಗ್ಗೆ ಜನ ನುಗ್ಗುವ ಹೊತ್ತಿನಲ್ಲಿ ಸಪ್ಲೈಯರುಗಳು ಅಡುಗೆಮನೆಯ ಬಾಗಿಲಿಗೆ ಬಂದು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಆ ಗಲಾಟೆಯಲ್ಲಿ ಮಾತು ಕೇಳಿಸುವುದಿಲ್ಲ, ರಾಗ ಕೇಳಿಸುತ್ತದೆ. ಶೀನ ಮೂಗಿನಿಂದ ಎಳೆಯುತ್ತಿದ್ದ, ಗೋವಿಂದ ಕೊನೆಯ ಅಕ್ಷರ ನುಂಗುತ್ತಿದ್ದ. ಹಿಂದೆ ತಿರುಗಿ ನೋಡಿದರೆ ದೋಸೆ ಸೀಯುತ್ತದೆ, ಹಾಗಾಗಿ ಬೆನ್ನು ಹಾಕಿಕೊಂಡೇ ಯಾರು ಕೂಗಿದರೆಂದು ತಿಳಿದು, ಅವನದೇ ಎಳೆತದಲ್ಲಿ ಒಳಗಿನಿಂದ ಮರುಕೂಗು ಕೊಡಬೇಕು. ಮರುಕೂಗು ಬರದಿದ್ದರೆ ಅವನು ಬಾಗಿಲು ಬಿಟ್ಟು ಕದಲುವುದಿಲ್ಲ, ಕೂಗುತ್ತಲೇ ಇರುತ್ತಾನೆ. ದೂರದಲ್ಲಿದ್ದ ಗೋವಿಂದನನ್ನು ಕರೆಯಬೇಕಾದರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅವನ ರಾಗದಲ್ಲೇ ಒಂದು ಕೂಗು ಹಾಕುತ್ತಿದ್ದರು. ಎಲ್ಲಿದ್ದರೂ ಓಡಿ ಬರುತ್ತಿದ್ದ.

ಅಡುಗೆಮನೆಯ ಬಾಗಿಲಿನ ಪಕ್ಕದ ಮೇಜಿನಲ್ಲಿ ದಿನಾ ಒಬ್ಬರು ಹಿರಿಯರು ಕಾಫಿ ಕುಡಿಯುತ್ತ ಇದನ್ನು ನೋಡುತ್ತಿದ್ದರು. ಡಾಕ್ಟರ್ ಶ್ರೀನಿವಾಸಾಚಾರ್. ಮದ್ರಾಸಿನಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿದ ಆಚಾರ್ಯರ ಮನೆತನ, ಮಾತು ಅರ್ಧ ಕನ್ನಡ, ಅರ್ಧ ತಮಿಳು, ಮಿಕ್ಕಿದ್ದು ಇಂಗ್ಲಿಷು. ಒಂದು ದಿನ ಅವರು ನೇರವಾಗಿ ಒಳಗೆ ಬಂದು, ನಿನ್ನ ಕಿವಿ ನನಗೆ ಬೇಕಪ್ಪಾ ಎಂದರು. ದೊಡ್ಡಪ್ಪ ಅವರನ್ನು ಕಿವಿ ಡಾಕ್ಟರೆಂದು ತಿಳಿದು, ಅವನ ಕಿವಿಗೆ ಏನೂ ಆಗಿಲ್ಲ ಸ್ವಾಮಿ ಎಂದು ಕೈ ಮುಗಿದರು. ಇವರು ಸಮುದ್ರ ಜೀವಿಗಳ ಡಾಕ್ಟರು ಎಂದು ತಿಳಿಸಿ ಹೇಳುವಷ್ಟರಲ್ಲಿ ಮೂರು ದೋಸೆ ಕರಕಲಾದವು.

ಡಾಕ್ಟರಿಗೆ ದುಡ್ಡು ಕೊಡುತ್ತಿದ್ದವರು ಸೌಕಾರಪೇಟೆಯ ಬಟ್ಟೆ ವ್ಯಾಪಾರಿ ಸೇಠ್. ಅವರ ಮಗ ಒಮ್ಮೆ ಅಲೆಗೆ ಸಿಕ್ಕಿ ಕೊಚ್ಚಿಹೋದಾಗ ಒಂದು ಡಾಲ್ಫಿನ್ ಅವನನ್ನು ದಡದ ಕಡೆಗೆ ತಳ್ಳಿತಂತೆ. ನಿಜವೋ ಸುಳ್ಳೋ, ಸೇಠರು ನಂಬಿದ್ದರು. ಗೋಶಾಲೆಗೆ ಕೊಡುವ ಹಾಗೆ ಡಾಲ್ಫಿನ್ನಿಗೂ ಒಂದು ಧರ್ಮದ ಟ್ರಸ್ಟು ಮಾಡಿದರು. ಅವರ ಆಸೆ ಒಂದೇ: ಅವುಗಳ ಭಾಷೆ ಕಲಿತು ಒಂದು ಉಪಕಾರಸ್ಮರಣೆ ಹೇಳಬೇಕು. ಊರವರು ನಕ್ಕರು. ಡಾಕ್ಟರ್ ನಗಲಿಲ್ಲ. ಡಾಲ್ಫಿನ್ನಿಗೆ ಬುದ್ಧಿ ಎಷ್ಟು, ಅವು ಒಂದಕ್ಕೊಂದು ಏನು ಹೇಳಿಕೊಳ್ಳುತ್ತವೆ ಎನ್ನುವುದಕ್ಕೆ ಅವರು ಆಯುಷ್ಯವನ್ನೇ ಮುಡಿಪಿಟ್ಟಿದ್ದರು.

ಡಾಕ್ಟರ ಬಳಿ ಕೆಲಸಕ್ಕೆ ಸೇರಿದ ಮೇಲೆ ನನಗೊಂದು ಗುಟ್ಟು ತಿಳಿಯಿತು. ಡಾಕ್ಟರಿಗೆ ಎತ್ತರದ ಸ್ವರ ಕೇಳಿಸುತ್ತಿರಲಿಲ್ಲ. ಮನುಷ್ಯರ ಮಾತಿಗೆ ತೊಂದರೆ ಇಲ್ಲ, ಡಾಲ್ಫಿನ್ನಿನ ಸಿಳ್ಳಿನಂಥ ಕೂಗು ಮಾತ್ರ ಅವರ ಕಿವಿಗೆ ಇಲ್ಲವೇ ಇಲ್ಲ. ಟೇಪನ್ನು ನಿಧಾನವಾಗಿ ಓಡಿಸಿದರೆ ಏನೋ ಎಮ್ಮೆ ನರಳಿದ ಹಾಗೆ ಕೇಳಿಸುತ್ತಿತ್ತಂತೆ, ಅದರಲ್ಲಿ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ. ಈ ಸಂಗತಿ ಸೇಠರಿಗೆ ಗೊತ್ತಿರಲಿಲ್ಲ. ನನಗೂ ಅವರು ಹೇಳಲಿಲ್ಲ, ನಾನೇ ಕಂಡುಕೊಂಡೆ. ಕಂಡುಕೊಂಡ ದಿನದಿಂದ ಅವರ ಮೇಲೆ ಮರುಕ, ಜೊತೆಗೇ ಒಂದು ಹೆದರಿಕೆ. ನಾನು ಏನು ಬರೆದರೆ ಅದೇ ಸತ್ಯವಾಗುತ್ತದಲ್ಲ!

ಮೊದಲ ವರ್ಷ ಬರೀ ದೋಣಿ. ಅರುಳಪ್ಪನ್ ಎಂಬ ಮೀನುಗಾರ ನಮ್ಮನ್ನು ತನ್ನ ಹಲಗೆ ದೋಣಿಯಲ್ಲಿ ಕರೆದೊಯ್ಯುತ್ತಿದ್ದ. ಮದ್ರಾಸಿನ ಅಲೆ ದಡದಲ್ಲೇ ಎದ್ದು ದಡದಲ್ಲೇ ಮುರಿಯುತ್ತದೆ. ಅದನ್ನು ದಾಟುವ ತನಕ ನಾನು ಕಣ್ಣು ಮುಚ್ಚಿ ದೋಣಿಯ ಹಲಗೆಯನ್ನು ತಬ್ಬಿಕೊಂಡು ಕೂರುತ್ತಿದ್ದೆ. ‘ಪಯಪ್ಪಡಾದೀಂಗ ಸಾರ್’ ಎಂದು ಅರುಳಪ್ಪನ್ ಹೇಳುತ್ತಿದ್ದ, ಹೆದರಬೇಡಿ ಎಂದು. ಹೇಳುವವನಿಗೇನು, ಅವನು ನೀರಿನಲ್ಲೇ ಹುಟ್ಟಿದವನು. ಆಚೆ ಹೋಗಿ ನೀರಿನ ಮೈಕನ್ನು ಇಳಿಸುತ್ತಿದ್ದೆವು. ಅಂಬತ್ತೂರಿನ ಒಂದು ಶೆಡ್ಡಿನಲ್ಲಿ ಹೇಳಿ ಮಾಡಿಸಿದ್ದು, ಸೈಕಲ್ ಟ್ಯೂಬಿನೊಳಗೆ ಎಣ್ಣೆ ತುಂಬಿ ಮೈಕನ್ನು ಮುಳುಗಿಸಿಟ್ಟಿದ್ದರು. ಹೆಡ್‌ಫೋನ್ ಹಾಕಿಕೊಂಡರೆ ಸಮುದ್ರದ ತಳದಲ್ಲಿ ಯಾರೋ ಎಡೆಬಿಡದೆ ಸಾಸಿವೆ ಒಗ್ಗರಣೆ ಹಾಕುತ್ತಿದ್ದ ಹಾಗೆ ಚಟಪಟ ಸದ್ದು. ಅದು ಸಣ್ಣ ಸಿಗಡಿಗಳ ಸದ್ದಂತೆ.

ಒಂದು ದಿನ ಆ ಒಗ್ಗರಣೆಯ ನಡುವೆ ಟಿಕ್ ಟಿಕ್ ಎಂದು ಒಂದೇ ಸಮನೆ ಶುರುವಾಯಿತು. ಡಾಲ್ಫಿನ್ನುಗಳು ಅಂಥ ಸದ್ದನ್ನೂ ಮಾಡುತ್ತವೆ. ನಾನು ಎರಡು ಗಂಟೆ ಕಾಲ ಒಂಬತ್ತು ಪುಟ ಬರೆದೆ. ಲೆಕ್ಕ ತಪ್ಪದೆ ಬಡಿಯುತ್ತದೆ, ಇದಕ್ಕೆ ಎಣಿಕೆ ಬರುತ್ತದೆ ಎಂದು ಡಾಕ್ಟರ್ ಹಿಗ್ಗಿಹೋದರು. ಸೇಠರಿಗೆ ಪತ್ರವೂ ತಯಾರಾಯಿತು. ಮಾರನೆಯ ದಿನ ದೋಣಿಯಲ್ಲಿ ಆ ಸದ್ದು ಥಟ್ಟನೆ ನಿಂತಿತು. ನೋಡಿದರೆ ಸಮಯ ಬರೆಯಲು ಅನುಕೂಲವಾಗಲೆಂದು ನಾನು ಮೈಕಿನ ವೈರು ಸೇರುವ ಬ್ಯಾಟರಿ ಪೆಟ್ಟಿಗೆಯ ಮೇಲೆ ಬಿಚ್ಚಿಟ್ಟಿದ್ದ ಕೈಗಡಿಯಾರ, ಕೀಲಿ ಮುಗಿದು ನಿಂತಿತ್ತು. ಡಾಕ್ಟರ್ ಪತ್ರವನ್ನು ಹರಿದು ಸಮುದ್ರಕ್ಕೆ ಹಾಕಿದರು. ಒಂದು ವಾರ ನನ್ನ ಜೊತೆ ಮಾತಿಲ್ಲ. ಎಂಟನೆಯ ದಿನ, ‘ನಿನ್ನ ಗಡಿಯಾರಕ್ಕೆ ಎಣಿಕೆ ಬರುತ್ತೆ, ಅದು ಪ್ರೂವ್ ಆಯ್ತು ತಾನೇ’ ಎಂದರು. ಅವರು ಕ್ಷಮಿಸುತ್ತಿದ್ದದ್ದು ಹೀಗೆ.

ಹೊಸಬರಿಗೆ ನಾನು ಹೇಳುವುದಿಷ್ಟೆ: ಇಂಥ ತಪ್ಪು ಎಲ್ಲರೂ ಮಾಡುತ್ತಾರೆ, ಅದಕ್ಕೆ ಹೆದರಬೇಡಿ. ಹೆದರಬೇಕಾದ ತಪ್ಪು ಬೇರೆ.

ಅರವತ್ತರ ದಶಕದ ಒಂದು ಬೇಸಗೆ. ತಿರುವಾನ್ಮಿಯೂರಿನ ಆಚೆ ಸೇಠರದೊಂದು ಖಾಲಿ ಬಂಗಲೆ, ಅದರ ಅಂಗಳದಲ್ಲಿ ದೊಡ್ಡ ಸಿಮೆಂಟಿನ ತೊಟ್ಟಿ. ದಡದ ಬಲೆಗೆ ಎರಡು ಡಾಲ್ಫಿನ್ ಬಿದ್ದಿವೆ ಎಂದು ಅರುಳಪ್ಪನ್ ಹೇಳಿ ಕಳಿಸಿದ. ಆಗ ಕೇಳುವವರಿರಲಿಲ್ಲ, ಈಗಿನ ಕಾನೂನು ಇರಲಿಲ್ಲ. ಲಾರಿಯಲ್ಲಿ ಒದ್ದೆ ಗೋಣಿಯ ಮೇಲೆ ಮಲಗಿಸಿ ತಂದೆವು. ದಾರಿಯುದ್ದಕ್ಕೂ ನಾನು ಅವುಗಳ ಮೈಮೇಲೆ ನೀರು ಹುಯ್ಯುತ್ತ ಕೂತಿದ್ದೆ. ಚಿಕ್ಕದರ ಕಣ್ಣು ನನ್ನ ಮೇಲೇ ಇತ್ತು. ಅದು ಮೀನಿನ ಕಣ್ಣಲ್ಲ. ನನ್ನನ್ನು ನೋಡುತ್ತಿದೆ, ನನ್ನ ಮುಖವನ್ನು ನೆನಪಿಟ್ಟುಕೊಳ್ಳುತ್ತಿದೆ ಎನಿಸಿತು.

ಹೆಸರಿಡಬಾರದೆಂದು ಡಾಕ್ಟರ ಕಟ್ಟಪ್ಪಣೆ. ದೊಡ್ಡದು ಒಂದನೆಯದು, ಚಿಕ್ಕದು ಎರಡನೆಯದು, ಎರಡೂ ಹೆಣ್ಣು. ನಮ್ಮ ಕೆಲಸದ ಕ್ರಮ ಹೀಗಿತ್ತು: ನಾನು ತೊಟ್ಟಿಗೆ ಬೆನ್ನು ಹಾಕಿ ಹೆಡ್‌ಫೋನ್ ಹಾಕಿಕೊಂಡು ಕೂತು, ಯಾವ ಹೊತ್ತಿಗೆ ಯಾವುದು ಕೂಗಿತೆಂದು ಪುಸ್ತಕದಲ್ಲಿ ೧ ಅಥವಾ ೨ ಎಂದು ಬರೆಯಬೇಕು. ಡಾಕ್ಟರ್ ತೊಟ್ಟಿಯ ಅಂಚಿನಲ್ಲಿ ನಿಂತು, ಕೂಗುವಾಗ ಯಾವುದರ ನೆತ್ತಿಯ ಉಸಿರುರಂಧ್ರದಿಂದ ಗುಳ್ಳೆ ಎದ್ದಿತೆಂದು ತಮ್ಮ ಪುಸ್ತಕದಲ್ಲಿ ಬರೆಯಬೇಕು. ಸಂಜೆ ಎರಡನ್ನೂ ಹೋಲಿಸಿ ನೋಡಬೇಕು.

ಮೂರನೆಯ ದಿನಕ್ಕೇ ನನಗೆ ಸಂಗತಿ ತಿಳಿದುಹೋಯಿತು. ಒಂದನೆಯದರ ಕೂಗು ಮೇಲೇರಿ, ಒಮ್ಮೆ ಬಳುಕಿ, ಮತ್ತೆ ಮೇಲೇರುತ್ತಿತ್ತು. ಎರಡನೆಯದರದು ಮೇಲಿನಿಂದ ಮೂರು ಮೆಟ್ಟಿಲು ಇಳಿದು ಕೊನೆಗೆ ತುಂಡಾಗುತ್ತಿತ್ತು. ಹಸಿವಾಗಲಿ, ಆಟವಾಗಲಿ, ಪ್ರತಿಯೊಂದಕ್ಕೂ ತನ್ನದೇ ಕೂಗು. ಶೀನ, ಗೋವಿಂದರ ಹಾಗೆಯೇ. ‘ಅವು ಬೇರೆ ಎಂತದ್ದೂ ಹೇಳ್ತಾ ಇಲ್ಲ ಸರ್, ನಾನು ಇಲ್ಲಿದ್ದೇನೆ ಅಂತ ಹೇಳ್ತಾ ಉಂಟು’ ಎಂದೆ. ಡಾಕ್ಟರ್ ನಂಬಲಿಲ್ಲ. ಹತ್ತು ದಿನ ಎರಡೂ ಪುಸ್ತಕ ಹೋಲಿಸಿದ ಮೇಲೆ, ಕೂತಲ್ಲೇ ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಪಾಲಿಗೆ ಇಲ್ಲದ ಸದ್ದನ್ನು ಅವರು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದರು.

ಅಷ್ಟರಲ್ಲಿ ಎರಡನೆಯದು ಕಾಯಿಲೆ ಬಿತ್ತು. ಉಸಿರು ಬಿಡುವಾಗ ಗೊರಗೊರ ಸದ್ದು. ಮಾಧವರಂನಲ್ಲಿ ಎಮ್ಮೆಗಳನ್ನು ನೋಡುತ್ತಿದ್ದ ಒಬ್ಬ ಪಶುವೈದ್ಯರನ್ನು ಕರೆತಂದೆವು. ನನಗೆ ಎಮ್ಮೆ ಗೊತ್ತು ಸ್ವಾಮಿ, ಇದು ಗೊತ್ತಿಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳಿದರು, ಕೈಲಾದ ಮದ್ದು ಮಾಡಿದರು. ನಾಲ್ಕನೆಯ ದಿನ ಬೆಳಗ್ಗೆ ನೋಡಿದರೆ ಒಂದನೆಯದು ಅದನ್ನು ಮೂತಿಯಿಂದ ಎತ್ತಿ ಎತ್ತಿ ನೀರಿನ ಮೇಲೆ ಹಿಡಿಯುತ್ತಿತ್ತು. ಎರಡನೆಯದು ಆಗಲೇ ಸತ್ತಿತ್ತು. ಸತ್ತದ್ದನ್ನು ಅದರಿಂದ ಬಿಡಿಸಲು ಆರು ಜನ ಬೇಕಾಯಿತು. ಗಾಳಿ ಮರಗಳ ಹಿಂದೆ ಮರಳಿನಲ್ಲಿ ಅರುಳಪ್ಪನ್ ಗುಂಡಿ ತೋಡಿ ಮುಚ್ಚಿ, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

ಇನ್ನು ಒಂದೇ ಉಳಿಯಿತು. ಹೋಲಿಸಲು ಏನಿದೆ? ಡಾಕ್ಟರ್ ತೊಟ್ಟಿಯ ಅಂಚಿಗೆ ಬರುವುದನ್ನು ಬಿಟ್ಟು ಒಳಗೆ ವರದಿ ಬರೆಯುತ್ತ ಕೂತರು. ನಾನೊಬ್ಬನೇ ಬೆನ್ನು ಹಾಕಿ ಕೂತೆ. ಎರಡು ದಿನ ಅದು ಸದ್ದೇ ಮಾಡಲಿಲ್ಲ.

ಮೂರನೆಯ ದಿನ ನಡು ಮಧ್ಯಾಹ್ನ. ಸುಡು ಬಿಸಿಲು. ಹೆಡ್‌ಫೋನಿನಲ್ಲಿ ಮೂರು ಮೆಟ್ಟಿಲು ಇಳಿದು ತುಂಡಾಗುವ ಕೂಗು ಬಂತು. ನನ್ನ ಕೈ ಅಭ್ಯಾಸಬಲದಿಂದ ೨ ಎಂದು ಬರೆಯಿತು. ಬರೆದ ಮೇಲೆ ಬುದ್ಧಿಗೆ ಹೊಳೆಯಿತು. ಹಿಂದೆ ತಿರುಗಲು ಧೈರ್ಯ ಬರಲಿಲ್ಲ. ಮತ್ತೆ ಅದೇ ಕೂಗು, ಅದೇ ಮೂರು ಮೆಟ್ಟಿಲು. ದೇವರ ಹೆಸರು ಹೇಳುತ್ತ ಮೆಲ್ಲಗೆ ತಿರುಗಿ ನೋಡಿದೆ. ತೊಟ್ಟಿಯಲ್ಲಿ ಒಂದೇ ಇತ್ತು. ಸುತ್ತು ಹಾಕುತ್ತಿತ್ತು.

ಆ ದಿನ ಹನ್ನೊಂದು ಸಲ ಕೇಳಿದೆ. ಮಾರನೆಯ ದಿನ ಎಣಿಸಲಾರದಷ್ಟು. ಹಗಲು ಹೊತ್ತಿನಲ್ಲೇ ದೆವ್ವ ಕಿವಿಯೊಳಗೆ ಕೂತು ಕರೆಯುತ್ತಿದ್ದರೆ ಮನುಷ್ಯ ಎಲ್ಲಿಗೆ ಓಡಬೇಕು? ಡಾಕ್ಟರಿಗೆ ಹೇಳಲಿಲ್ಲ. ಗಡಿಯಾರದ ಕತೆ ಆದವನು ನಾನು, ಸತ್ತದ್ದು ಕೂಗುತ್ತಿದೆ ಎಂದರೆ ಯಾರು ನಂಬುತ್ತಾರೆ? ಪುಸ್ತಕದಲ್ಲಿ ೨ ಎಂದು ಬರೆದಲ್ಲೆಲ್ಲ ರಬ್ಬರಿನಿಂದ ಉಜ್ಜಿ ೧ ಮಾಡಿದೆ. ಮನೆಗೆ ಹೋದರೆ ಅನ್ನ ಸೇರುತ್ತಿರಲಿಲ್ಲ. ಹೆಂಡತಿ ಕೇಳಿದ್ದಕ್ಕೆ ಎಲ್ಲ ಹೇಳಿಕೊಂಡೆ. ಅವಳು ಹೋಗಿ ತಾಯಿತ ತಂದು ತೋಳಿಗೆ ಕಟ್ಟಿದಳು.

ಭಾನುವಾರ ದೊಡ್ಡಪ್ಪನ ಹೋಟೆಲಿಗೆ ಊಟಕ್ಕೆ ಹೋಗಿದ್ದೆ. ಗೋವಿಂದ ರಜೆ ಹಾಕಿ ಊರಿಗೆ ಹೋಗಿದ್ದ. ಅದು ಗೊತ್ತಿಲ್ಲದ ಶೀನ ಹಿತ್ತಲ ಕಡೆ ಮುಖ ಮಾಡಿ ಗೋವಿಂದನ ರಾಗದಲ್ಲಿ ಕೂಗಿದ. ಉತ್ತರ ಬರಲಿಲ್ಲ, ಮತ್ತೆ ಕೂಗಿದ. ನನ್ನ ಕೈಯ ತುತ್ತು ಎಲೆಗೆ ಬಿತ್ತು. ಕೂಗಿದವನು ಗೋವಿಂದನಲ್ಲ, ಶೀನ. ಹಾಗೆಯೇ ತೊಟ್ಟಿಯಲ್ಲಿ ಕೂಗುತ್ತಿದ್ದದ್ದು ಸತ್ತದ್ದಲ್ಲ, ಬದುಕಿದ್ದದ್ದು. ಅದು ತನ್ನ ಜೊತೆಯದನ್ನು ಅದರ ಹೆಸರು ಹಿಡಿದು ಕರೆಯುತ್ತಿತ್ತು.

ದೆವ್ವದ ಭಯ ಬಿಟ್ಟಿತು. ಅದರ ಜಾಗಕ್ಕೆ ಬಂದದ್ದು ಇನ್ನೂ ಕೆಟ್ಟದ್ದು. ನಾಲ್ಕು ದಿನದಿಂದ ಕರೆಯುತ್ತಿದೆ, ಯಾರೂ ಓಗೊಟ್ಟಿಲ್ಲ, ನಾನು ಪಕ್ಕದಲ್ಲಿ ಕೂತು ರಬ್ಬರಿನಿಂದ ಉಜ್ಜುತ್ತಿದ್ದೇನೆ!

ಅಡುಗೆಮನೆಯಲ್ಲಿ ಹನ್ನೆರಡು ವರ್ಷ ಕಳೆದವನು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ಸೋಮವಾರ ಡಾಕ್ಟರ್ ಸೌಕಾರಪೇಟೆಗೆ ಹೋಗಿದ್ದರು. ನೀರಿನೊಳಗೆ ಇಳಿಸುವ ಸ್ಪೀಕರೊಂದು ನಮ್ಮಲ್ಲಿತ್ತು, ಕಬ್ಬಿಣದ ಜಾಲರಿಯ ಪೆಟ್ಟಿಗೆ. ಅದನ್ನು ತೊಟ್ಟಿಯ ಮೂಲೆಗೆ ಇಳಿಸಿ, ಎರಡನೆಯದು ಬದುಕಿದ್ದಾಗ ಮಾಡಿದ್ದ ಟೇಪನ್ನು ಹಾಕಿದೆ. ಮೂರು ಮೆಟ್ಟಿಲಿನ ಕೂಗು ನೀರಿಗಿಳಿಯಿತು. ಒಂದನೆಯದು ಇದ್ದಲ್ಲೇ ಗಿರ್ರನೆ ತಿರುಗಿತು. ಬಾಣದ ಹಾಗೆ ಬಂದು ಸ್ಪೀಕರಿನ ಮುಂದೆ ನಿಂತು, ಎಷ್ಟೋ ದಿನದ ಮೇಲೆ ತನ್ನ ಸ್ವಂತ ಕೂಗನ್ನು ಕೂಗಿತು. ಟೇಪು ಕೂಗಿತು, ಅದು ಉತ್ತರ ಕೊಟ್ಟಿತು. ಹೀಗೇ ಹತ್ತು ನಿಮಿಷ. ನಾನು ಅಳುತ್ತಿದ್ದೆ, ಸಂತೋಷಕ್ಕೆ. ಇಷ್ಟು ಒಳ್ಳೆಯ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲ ಎಂದುಕೊಂಡೆ.

ಟೇಪಿನಲ್ಲಿ ಆ ಕೂಗಿದ್ದ ಭಾಗ ಮುಗಿಯಿತು. ಅದು ಕಾಯಿತು. ಆಮೇಲೆ ಕರೆಯಲು ಶುರುಮಾಡಿತು. ತಡೆಯಲಾರದೆ ಮತ್ತೆ ಹಾಕಿದೆ. ಹೀಗೆ ಮೂರು ದಿನ, ಡಾಕ್ಟರ್ ಒಳಗಿದ್ದಾಗಲೂ ಹಾಕಿದೆ. ಹೇಗೂ ಅವರಿಗೆ ಕೇಳಿಸುವುದಿಲ್ಲವಲ್ಲ. ಈ ಮಾತು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅದು ಆ ಮೂಲೆ ಬಿಟ್ಟು ಕದಲಲಿಲ್ಲ. ಹಾಕಿದ ಮೀನು ತೊಟ್ಟಿಯ ತಳದಲ್ಲಿ ಬಿದ್ದು ಕೊಳೆಯಿತು. ಪೆಟ್ಟಿಗೆಯ ಒಳಗೆ ಯಾರೋ ಸಿಕ್ಕಿಕೊಂಡಿದ್ದಾರೆ ಎನ್ನುವ ಹಾಗೆ ಮೂತಿಯಿಂದ ಜಾಲರಿಯನ್ನು ಮೀಟುತ್ತಿತ್ತು. ಬುಧವಾರ ನೀರು ಅಲ್ಲಲ್ಲಿ ಕೆಂಪಾಯಿತು. ಮೂತಿ ಹರಿದು ರಕ್ತ ಬರುತ್ತಿತ್ತು. ನಾನು ಟೇಪು ನಿಲ್ಲಿಸಿದೆ, ಸ್ಪೀಕರು ಮೇಲೆತ್ತಿದೆ. ಆಗ ಸ್ಪೀಕರು ಇದ್ದ ಜಾಗದ ಗೋಡೆಯನ್ನೇ ಗುದ್ದತೊಡಗಿತು. ಒಂದನ್ನು ಕಾಯಿಲೆ ಕೊಂದಿತು, ಇನ್ನೊಂದನ್ನು ನಾನು ಕೊಲ್ಲುತ್ತಿದ್ದೇನೆ ಎನ್ನುವುದು ಮನಸ್ಸಿಗೆ ಬಂದು ನಿಂತಿತು.

ಪಶುವೈದ್ಯರು ಬಂದು ನೋಡಿ, ಇನ್ನು ಮೂರು ನಾಲ್ಕು ದಿನ ಹೊಟ್ಟೆಗೆ ತೆಗೆದುಕೊಳ್ಳದಿದ್ದರೆ ಕಷ್ಟ ಎಂದರು. ಡಾಕ್ಟರಿಗೆ ಕಾರಣವೇ ತಿಳಿಯದು, ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಶುಕ್ರವಾರ ಸೇಠರು ಬರುವವರಿದ್ದರು. ನಾನು ಹೋಗಿ ಅವರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ, ರಬ್ಬರು, ಟೇಪು, ಸ್ಪೀಕರು ಏನನ್ನೂ ಮುಚ್ಚಿಡಲಿಲ್ಲ. ಇವತ್ತಿಗೆ ಕೆಲಸ ಹೋಯಿತು, ಮತ್ತೆ ದೋಸೆ ಕಾವಲಿಯೇ ಗತಿ ಎಂದುಕೊಂಡೆ.

ಡಾಕ್ಟರ್ ತಲೆಯ ಮೇಲಿನ ಕೈ ತೆಗೆದರು. ಆಮೇಲೆ ಅವರು ಹೇಳಿದ್ದು ನಾನು ನಿರೀಕ್ಷಿಸಿದ್ದಲ್ಲ.

‘ಹೆಸರು ಕೇಳಿಸಿದ ತಕ್ಷಣ ಅದು ತನ್ನ ಹೆಸರು ಹೇಳಿತು. ಕರೆಕ್ಟ್ ತಾನೇ?’

‘ಹೌದು ಸರ್.’

‘ಪ್ರತಿ ಸಲ?’

‘ಪ್ರತಿ ಸಲ.’

ಅವರ ಕಣ್ಣು ಹೊಳೆಯುತ್ತಿತ್ತು. ‘ಶುಕ್ರವಾರ ಸೇಠ್ ಎದುರಿಗೆ ಇನ್ನೊಂದು ವಾಟಿ, ಇನ್ನೊಂದೇ ಸಲ ಆ ಟೇಪು ಹಾಕು. ನಾನು ಗುಳ್ಳೆ ನೋಡ್ತೀನಿ, ನೀನು ಕೇಳು. ಒಂದೇ ವಾಟಿ ಅಪ್ಪಾ.’

‘ಅದು ಸಾಯ್ತದೆ ಸರ್.’

‘ಒಂದೇ ವಾಟಿ ತಾನೇ ಕೇಳ್ತಿರೋದು,’ ಎಂದರು. ಅವರ ದನಿ ಭಿಕ್ಷೆ ಬೇಡುವವರ ಹಾಗಿತ್ತು.

ಅವರನ್ನು ಕೆಟ್ಟವರೆಂದು ತಿಳಿಯಬೇಡಿ. ಜನ್ಮವೆಲ್ಲ ಹಸಿದವರ ಮುಂದೆ ಎಲೆ ಹಾಕಿ ಬಡಿಸಿದ ಮೇಲೆ ಏಳು ಎಂದರೆ ಯಾರು ಏಳುತ್ತಾರೆ? ಆದರೆ ನಾನು ತೊಟ್ಟಿಯ ಆ ಮೂಲೆಯನ್ನು ನೋಡಿದ್ದೆ.

ಶುಕ್ರವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದೆ. ಎರಡನೆಯದರ ಕೂಗಿದ್ದ ಟೇಪು ನಮ್ಮಲ್ಲಿ ಒಂದೇ. ಅದನ್ನು ಯಂತ್ರಕ್ಕೆ ಏರಿಸಿ, ಮೈಕನ್ನು ಕಿತ್ತಿಟ್ಟು, ರೆಕಾರ್ಡಿಂಗ್ ಗುಂಡಿ ಒತ್ತಿದೆ. ಮೈಕಿಲ್ಲದೆ ಟೇಪು ಓಡಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಮುಕ್ಕಾಲು ಗಂಟೆ ಬೇಕು. ಸುರುಳಿ ತಿರುಗುತ್ತಿದ್ದಷ್ಟು ಹೊತ್ತು ಗೇಟಿನ ಕಡೆ ನೋಡುತ್ತ ನಿಂತಿದ್ದೆ. ಯಾವ ಅಲೆಗೂ ನಾನು ಅಷ್ಟು ಹೆದರಿದವನಲ್ಲ. ಪ್ರಪಂಚದಲ್ಲಿ ಆ ಪ್ರಾಣಿಯದೆಂದು ಉಳಿದಿದ್ದದ್ದು ಆ ಸದ್ದೊಂದೇ. ಅದನ್ನೂ ನಾನು ಎರಡನೆಯ ಸಲ ಮಣ್ಣು ಮಾಡುತ್ತಿದ್ದೆ.

ಡಾಕ್ಟರ್ ಮಡಿಚಿದ ಅಂಗವಸ್ತ್ರ ಹೊದ್ದು ಬಂದರು. ಟೇಪನ್ನು ತಾವೇ ಏರಿಸಿದರು. ನಮ್ಮ ಯಂತ್ರದ ಮುಂಭಾಗದಲ್ಲಿ ಒಂದು ಹಸಿರು ದೀಪದ ಕಣ್ಣಿತ್ತು, ಸದ್ದು ಬಂದಾಗ ಅದು ಮಿಟುಕುತ್ತಿತ್ತು. ಕಿವಿಗೆ ಕೇಳಿಸದ್ದನ್ನು ಅವರು ಯಾವಾಗಲೂ ಆ ಹಸಿರಿನಲ್ಲಿ ನೋಡಿಕೊಳ್ಳುತ್ತಿದ್ದರು. ಆ ದಿನವೂ ಬಗ್ಗಿ ನೋಡಿದರು. ಅದು ಮಿಟುಕಲಿಲ್ಲ. ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಅಳಿಸಿದೆಯಾ?’ ಎಂದರು.

‘ಹೌದು ಸರ್.’

‘ಯಾಕಪ್ಪಾ?’

‘ಕೂಗಿದವರಿಗೆ ಮರುಕೂಗು ಕೊಡದೆ ಬಿಡಬಾರದು ಅಂತ ದೊಡ್ಡಪ್ಪ ಕಲಿಸಿದ್ರು ಸರ್. ಒಳಗೆ ಜನ ಇಲ್ಲದೆ ಮರುಕೂಗು ಕೊಡಬಾರದು ಅಂತ ಯಾರೂ ಕಲಿಸಿರಲಿಲ್ಲ.’

ಅವರು ಕುರ್ಚಿಯಲ್ಲಿ ಕುಸಿದು ಕೂತರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸೇಠರು ಬಂದಾಗ ಡಾಕ್ಟರ್ ಎದ್ದು ನಿಂತು, ಮುಖ್ಯವಾದ ಟೇಪು ತಮ್ಮ ಅಜಾಗರೂಕತೆಯಿಂದ ಅಳಿಸಿಹೋಯಿತು, ತೋರಿಸಲು ಏನೂ ಇಲ್ಲ ಎಂದರು. ತಮ್ಮ ಎಂದು ಒತ್ತಿ ಹೇಳಿದರು. ನಾನು ಬಾಯಿ ತೆರೆಯಲು ಹೋದೆ, ಕೈ ಎತ್ತಿ ತಡೆದರು. ಸೇಠರು ತೊಟ್ಟಿಯ ಅಂಚಿಗೆ ಹೋಗಿ ನಿಂತರು. ಹರಿದ ಮೂತಿಯನ್ನು ನೋಡಿದರು. ತಾನು ಇವಕ್ಕೆ ಕೃತಜ್ಞತೆ ಹೇಳಲು ಬಂದವನು, ಹೇಗೆ ಹೇಳಲಿ ಎಂದು ಡಾಕ್ಟರನ್ನು ಕೇಳಿದರು. ಈಗ ನಮಗೆ ಗೊತ್ತಿರುವುದು ಒಂದೇ ದಾರಿ, ಬಿಟ್ಟುಬಿಡುವುದು ಎಂದು ಡಾಕ್ಟರ್ ಹೇಳಿದರು. ತೊಟ್ಟಿ ಅಂದಿಗೇ ಮುಚ್ಚಿತು. ನಮ್ಮ ಟ್ರಸ್ಟು ಮತ್ತೆಂದೂ ಪ್ರಾಣಿ ಹಿಡಿಯಲಿಲ್ಲ, ಅದು ನಿಮಗೆಲ್ಲ ಗೊತ್ತಿದೆ.

ಮಾರನೆಯ ದಿನ ಬೆಳಕು ಹರಿಯುವಾಗ ಅರುಳಪ್ಪನ ದೋಣಿಯಲ್ಲಿ ಗೋಣಿ ಹಾಸಿ ಅದನ್ನು ಮಲಗಿಸಿದೆವು. ಜಾಗವಿಲ್ಲ, ಹಾಗಾಗಿ ಟೇಪಿನ ಯಂತ್ರ ತರಲಿಲ್ಲ, ನೀರಿನ ಮೈಕು, ಬ್ಯಾಟರಿ ಪೆಟ್ಟಿಗೆ, ಹೆಡ್‌ಫೋನ್ ಅಷ್ಟೆ. ಅದರ ಮೈ ಒಣ ಚರ್ಮದ ಹಾಗೆ ಸುಕ್ಕಾಗಿತ್ತು. ಉಸಿರಿನ ನಡುವೆ ಬಹಳ ಬಿಡುವು. ಪ್ರತಿ ಬಿಡುವಿನಲ್ಲೂ ಇದೇ ಕೊನೆಯದೇನೋ ಎಂದು ನನ್ನ ಉಸಿರೂ ನಿಲ್ಲುತ್ತಿತ್ತು. ಅಲೆ ದಾಟುವಾಗ ಆ ದಿನ ಕಣ್ಣು ಮುಚ್ಚಲು ಆಗಲಿಲ್ಲ, ಎರಡೂ ಕೈ ಅದರ ಮೈಮೇಲಿದ್ದವು.

ಆಚೆ ಹೋಗಿ ಗೋಣಿ ಸಮೇತ ಇಳಿಸಿದೆವು. ಒಂದು ಕ್ಷಣ ಮರದ ದಿಮ್ಮಿಯ ಹಾಗೆ ತೇಲಿತು. ಸತ್ತೇಹೋಯಿತು ಎಂದುಕೊಂಡೆ. ಆಮೇಲೆ ಬಾಲ ಒಮ್ಮೆ ಬಡಿದು ಮುಳುಗಿತು. ನಾನು ಹೆಡ್‌ಫೋನ್ ಹಾಕಿಕೊಂಡೆ. ಬರೀ ಚಟಪಟ. ಡಾಕ್ಟರ್ ದೋಣಿಯ ಅಂಚು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಮೇಲೇರಿ, ಬಳುಕಿ, ಮತ್ತೆ ಮೇಲೇರುವ ಕೂಗು ಬಂತು. ಬದುಕಿತ್ತು. ತನ್ನ ಹೆಸರನ್ನು ತಾನೇ ಹೇಳುತ್ತಿತ್ತು.

‘ಯಾರು?’ ಎಂದರು ಡಾಕ್ಟರ್.

‘ಅವಳೇ ಸರ್. ಒಂದನೆಯವಳು.’

‘ಇನ್ನೊಂದು? ಬೇರೆ ಯಾರಾದ್ರೂ ಮರುಕೂಗು ಕೊಟ್ರಾ?’

ಅವರ ಮುಖವನ್ನು ನೋಡಿದೆ. ಉಪ್ಪು ನೀರಿನಲ್ಲಿ ತೊಯ್ದ, ಅರವತ್ತು ದಾಟಿದ ಮುಖ. ಒಂದು ಟೇಪು, ಒಂದು ತೊಟ್ಟಿ, ತಮ್ಮ ಹೆಸರು ಎಲ್ಲವನ್ನೂ ಹಿಂದಿನ ದಿನ ಬಿಟ್ಟುಕೊಟ್ಟವರು.

‘ಕೊಟ್ಟಿತು ಸರ್. ದೂರದಿಂದ. ಬೇರೆ ಯಾವುದೋ ಒಂದು.’

ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ದಡ ಸೇರುವ ತನಕ ಬಿಡಲಿಲ್ಲ. ವರದಿಯ ಕೊನೆಯ ಸಾಲಿನಲ್ಲಿ ಅದನ್ನೇ ಬರೆದರು: ಬಿಡುಗಡೆಯಾದ ಪ್ರಾಣಿಯ ಕರೆಗೆ ಕಡಲಿನಿಂದ ಉತ್ತರ ಬಂತು. ಡಾಕ್ಟರ್ ತೀರಿಕೊಂಡು ಎಷ್ಟೋ ವರ್ಷವಾಯಿತು. ಹೊಸದಾಗಿ ಸೇರಿದವರಿಗೆ ಇವತ್ತಿಗೂ ಆ ವರದಿಯನ್ನು ಓದಲು ಕೊಡುತ್ತಾರೆ. ಮೊನ್ನೆ ಬಂದ ಹುಡುಗಿಯೊಬ್ಬಳು ಆ ಸಾಲನ್ನು ನನಗೇ ಓದಿ ಹೇಳಿ ಕಣ್ಣೊರೆಸಿಕೊಂಡಳು.

ಆ ಸಾಲನ್ನು ಹೊಡೆದುಹಾಕಿ, ಮಕ್ಕಳೇ. ಉತ್ತರ ಬರಲಿಲ್ಲ. ಗಾಳಿ ಎದ್ದಿತೆಂದು ಅರುಳಪ್ಪನ್ ದೋಣಿ ತಿರುಗಿಸಿದ. ನಾನು ಹೆಡ್‌ಫೋನ್ ತೆಗೆದಾಗಲೂ ಅವಳು ಕೂಗುತ್ತಲೇ ಇದ್ದಳು.